ಹಳೆಯ ಕಾರಿನ ಸೋರಿಕೆ: ನಿದಾನ ಮತ್ತು ಚಿಕಿತ್ಸೆ

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಮ್ಮ ಹಿರಿಯರು ಉಳಿತಾಯದ ಪಾಠಕ್ಕಾಗಿ ಹೇಳುತ್ತ ಬಂದರು. ಅದು ನಷ್ಟಕ್ಕೂ ಸಲ್ಲುವ ಮಾತು. ಗಾಡಿಯೊಂದರಿಂದ ನಿಮಿಷಕ್ಕೆ ಒಂದೇ ಒಂದು ಹನಿ ಸೋರುವುದೆಂದು ಎಣಿಸೋಣ. ದಿನಕ್ಕೆ 1,440 ಹನಿಗಳಾದವು. ಸುಮಾರು 20 ಹನಿಗೆ ಒಂದು ಮಿಲಿಲೀಟರಿನಂತೆ ದಿನಕ್ಕೆ 72 ಮಿಲಿಲೀಟರ್, ವಾರಕ್ಕೆ 504 ಮಿಲಿಲೀಟರ್. ಸಣ್ಣ ಕಾರಿನ ಬ್ರೇಕ್ ದ್ರವದ ಡಬ್ಬಿ ಹಿಡಿಯುವುದು ಇದಕ್ಕಿಂತಲೂ ಕಡಿಮೆ!

ನಮ್ಮ ತಾಳವಾಡಿ ಸೀಮೆಯವರು ಈರೋಡಿಗಾಗಲಿ ಕೊಯಮತ್ತೂರಿಗಾಗಲಿ ಹೋಗಬೇಕಾದರೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ಹಳೆಯ ಕಾರನ್ನು ಕೊಂಡು ಓಡಿಸುವ ಮನೆಯವರಿಗೆ ಸೋರಿಕೆಯ ವಿಚಾರವು ಬರಿಯ ಹಣದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಆದಕಾರಣ ವಿದ್ಯಾರ್ಥಿಗಳೂ ಪೋಷಕರೂ ಇದನ್ನು ಕ್ರಮವಾಗಿ ಅರಿಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ಸೋರುತ್ತಿರುವ ದ್ರವ ಯಾವುದು? ರಾತ್ರಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಅಡಿಯಲ್ಲಿ ಬಿಳಿಯ ರಟ್ಟನ್ನು ಹಾಸಿ, ಚಕ್ರಗಳಿರುವ ಸ್ಥಳವನ್ನು ರಟ್ಟಿನ ಮೇಲೆ ಗುರುತಿಸಿರಿ. ಬೆಳಗಾದಾಗ ಕಲೆಯ ಬಣ್ಣ, ವಾಸನೆ ಮತ್ತು ಸ್ಥಾನಗಳೇ ಉತ್ತರ ಕೊಡುತ್ತವೆ. ಬಣ್ಣವೂ ವಾಸನೆಯೂ ಇಲ್ಲದ ತಿಳಿನೀರಾದರೆ ಅದು ಹವಾನಿಯಂತ್ರಣ ಯಂತ್ರದಿಂದ ಇಳಿದ ತೇವ, ಭಯವಿಲ್ಲ. ಕಂದು ಅಥವಾ ಕಪ್ಪು ಬಣ್ಣದ ಜಿಡ್ಡು ಎಂಜಿನ್ ಆಯಿಲ್. ಮಂದವಾಗಿದ್ದು ಗಂಧಕದಂತೆ ನಾರಿದರೆ ಗೇರ್ ಆಯಿಲ್. ಹಸಿರು, ಕೆಂಪು ಅಥವಾ ನೀಲಿ ಬಣ್ಣವಿದ್ದು ಸಿಹಿವಾಸನೆ ಬೀರುವುದು ರೇಡಿಯೇಟರಿನ ಕೂಲೆಂಟ್. ಅದನ್ನು ನಾಯಿ, ಬೆಕ್ಕುಗಳು ನೆಕ್ಕಿದರೆ ಸಾಯುವವು. ಮಕ್ಕಳ ಕೈಗೂ ಸಿಗಬಾರದು. ತೆಳ್ಳಗೆ, ನಸುಹಳದಿಯಾಗಿ, ನೀರಿನಲ್ಲಿ ಕರಗುವ ದ್ರವವು ಚಕ್ರದ ಒಳಬದಿಯಲ್ಲಿ ಕಂಡರೆ ಅದು ಬ್ರೇಕ್ ದ್ರವವೆಂದು ತಿಳಿಯಬೇಕು. ಪೆಟ್ರೋಲಿನ ವಾಸನೆ ಬಂದರಂತೂ ಗಾಡಿಯನ್ನು ಚಾಲೂ ಮಾಡದೆ, ಬೆಂಕಿಯನ್ನು ದೂರವಿಟ್ಟು, ಮೆಕ್ಯಾನಿಕ್ಕನ್ನು ಕರೆಸತಕ್ಕದ್ದು.

ಎರಡನೆಯದಾಗಿ, ಎಲ್ಲಿಂದ ಸೋರುತ್ತಿದೆ? ಹನಿ ಬಿದ್ದ ಸ್ಥಳವೇ ಮೂಲವಲ್ಲ. ದ್ರವವು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನೂ ಎಲ್ಲಕ್ಕಿಂತ ಮುಂದಿರುವುದನ್ನೂ ಹುಡುಕಬೇಕು. ಆಯಿಲ್ ಸೋರಿಕೆಯಾದರೆ, ತಣ್ಣಗಾದ ಎಂಜಿನ್ನಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿರಿ. ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಟಾರ್ಚಿನಿಂದ ನೋಡಿದರೆ ಬಿಳಿಯ ಪುಡಿಯ ಮೇಲೆ ಆಯಿಲಿನ ಗೆರೆ ತಾನು ಹುಟ್ಟಿದ ಸ್ಥಳವನ್ನು ತಾನೇ ತೋರಿಸುತ್ತದೆ.

ಮೂರನೆಯದು ಚಿಕಿತ್ಸೆ. ಹಳೆಯ ಎಂಜಿನ್ನಿನ ಮೇಲ್ಮುಚ್ಚಳದ ಗ್ಯಾಸ್ಕೆಟ್ ಶಾಖದಿಂದ ಗಡುಸಾಗಿ ಸೋರುವುದು ಸಾಮಾನ್ಯ. ಬೋಲ್ಟುಗಳನ್ನು ಬಲವಾಗಿ ಬಿಗಿದರೆ ಮುಚ್ಚಳ ಸೊಟ್ಟಾಗಿ ಸೋರಿಕೆ ಹೆಚ್ಚುವುದು. ಎರಡೂ ಮೈಗಳನ್ನು ಶುಚಿಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯುವುದೇ ಕ್ರಮ. ಆಯಿಲ್ ಇಳಿಸುವ ಬೋಲ್ಟಿನಲ್ಲಿ ಸೋರಿದರೆ ಹಲವು ಸಲ ವಾಷರ್ ಬದಲಾಯಿಸಿದರೆ ಸಾಕಾಗುತ್ತದೆ. ಬಿರುಕು ಬಿಟ್ಟ ರಬ್ಬರ್ ಕೊಳವೆಯನ್ನು ತೇಪೆ ಹಾಕದೆ ಬದಲಾಯಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಒಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇದ್ದು, ಮುಚ್ಚಳ ತೆರೆದೊಡನೆ ಚಿಮ್ಮಿ ಮೈ ಸುಡುತ್ತದೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ನುಸುಳಬಾರದು.

ಬ್ರೇಕಿನ ವಿಷಯ ಬೇರೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಓದಿರುವರು. ಪಾದದ ಒತ್ತಡ ಚಕ್ರವನ್ನು ಮುಟ್ಟುವುದು ಆ ನಿಯಮದ ಬಲದಿಂದಲೇ. ದ್ರವ ಸೋರಿದರೆ ಒಳಗೆ ಗಾಳಿ ಸೇರುತ್ತದೆ. ಗಾಳಿಯಾದರೋ ಅದುಮಿದರೆ ಕುಗ್ಗುವುದು. ಆಗ ಪೆಡಲ್ ತಳಕ್ಕಿಳಿದರೂ ಚಕ್ರ ನಿಲ್ಲದು. ಇದನ್ನು ಪರೀಕ್ಷಿಸಲು ಸಮನೆಲದಲ್ಲಿ ಎಂಜಿನ್ ನಿಲ್ಲಿಸಿ, ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಸೋರಿಕೆಯುಂಟೆಂದು ತಿಳಿದು ಆ ಗಾಡಿಯನ್ನು ಓಡಿಸಬೇಡಿರಿ. ಮೆಕ್ಯಾನಿಕ್ಕನ್ನು ಮನೆಗೇ ಕರೆಸುವುದು ಮೇಲು. ಕೆಟ್ಟ ಭಾಗವನ್ನು ಬದಲಾಯಿಸಿದ ತರುವಾಯ ಕೊಳವೆಗಳ ಗಾಳಿಯನ್ನು ಪೂರ್ತಿಯಾಗಿ ಹೊರಹಾಕಿಸತಕ್ಕದ್ದು.

ಕೆಲವರು ಡಬ್ಬಿಯಲ್ಲಿ ಕಡಿಮೆಯಾದಷ್ಟನ್ನು ತುಂಬಿಸಿ ಕಾರ್ಯ ಮುಗಿಯಿತೆಂದು ನೆಮ್ಮದಿ ತಾಳುವರು. ಇದು ಜ್ವರದ ಕಾರಣವನ್ನು ಅರಸದೆ ಹಣೆಗೆ ತಣ್ಣೀರು ಬಟ್ಟೆ ಹಾಕಿದಂತೆ. ಬ್ರೇಕ್ ದ್ರವವು ಕಾರಣವಿಲ್ಲದೆ ಕಡಿಮೆಯಾಗುವುದಿಲ್ಲ: ಒಂದೋ ಸವೆದ ಪ್ಯಾಡುಗಳು, ಇಲ್ಲವೇ ಸೋರಿಕೆ. ಎರಡೂ ಘಟ್ಟ ಇಳಿಯುವ ಮೊದಲೇ ನೋಡಬೇಕಾದವು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ದಿಂಬಂ ಇಳಿಯುವ ದಿನ ಬೆಳಗ್ಗೆ ಐದು ನಿಮಿಷ ಮೀಸಲಿಟ್ಟು ನೆಲವನ್ನು ನೋಡಿರಿ, ದ್ರವಗಳ ಮಟ್ಟವನ್ನು ನೋಡಿರಿ, ಪೆಡಲನ್ನು ಒತ್ತಿ ನೋಡಿರಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿದರೆ ಬ್ರೇಕಿನ ಮೇಲಿನ ಭಾರವೂ ಕಾವೂ ಕಡಿಮೆಯಾಗುವುವು. ವಿದ್ಯಾರ್ಥಿಗಳು ಈ ಬೆಳಗಿನ ತಪಾಸಣೆಯಲ್ಲಿ ಹಿರಿಯರ ಜೊತೆಗೆ ನಿಲ್ಲಲಿ. ಗುರುತು ನೋಡಿ ಕಾರಣ ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಆಮೇಲೆಯೇ ಕೈಹಚ್ಚುವುದು: ಇದೇ ವಿಜ್ಞಾನದ ದಾರಿ. ಆ ದಾರಿ ಪ್ರಯೋಗಶಾಲೆಗೆ ಮಾತ್ರ ಸೇರಿದ್ದಲ್ಲ. ಮನೆಯಂಗಳದಲ್ಲಿ ನಿಂತ ಹಳೆಯ ಕಾರಿನ ಅಡಿಯಿಂದಲೂ ಅದು ಹಾದುಹೋಗುತ್ತದೆ.