ಕೊರತೆಯ ಕಾಲದಲ್ಲಿ ತೆರೆದ ಕೈ

ವಾಕ್ಯಭಾಗ: 2 ಕೊರಿಂಥ 8:1-15, ವಿಮೋಚನಕಾಂಡ 16:13-21



ಬಾಡಿಗೆ, ಇಎಂಐ, ದಿನಸಿ ಬಿಲ್ಲು, ಜೊತೆಗೆ ಕೆಲಸ ಉಳಿಯುತ್ತೋ ಇಲ್ಲವೋ ಅನ್ನೋ ಭಯ. ಇಂಥ ಸಮಯದಲ್ಲಿ ಕೊಡುವ ವಿಷಯ ಎತ್ತಿದರೆ, "ಪಾಸ್ಟರ್, ಮೊದಲು ನಮಗೇ ಸಾಕಾಗಲಿ" ಅಂತ ಮನಸ್ಸು ಹೇಳುತ್ತೆ. ಆದರೆ ಮಕೆದೋನ್ಯದ ಸಭೆಗಳನ್ನು ನೋಡಿ. ಅವರಿಗೆ ಹಿಂಸೆ ಇತ್ತು, ಕಡುಬಡತನ ಇತ್ತು. ಹಾಗಿದ್ದರೂ ಯೆರೂಸಲೇಮಿನ ದೇವಜನರಿಗೆ ಸಹಾಯ ಕೊಡಲು ನಮಗೂ ಅವಕಾಶ ಬೇಕು ಅಂತ ಪೌಲನನ್ನು ಬೇಡಿಕೊಂಡರು. ಅದರ ಗುಟ್ಟು 5ನೇ ವಚನದಲ್ಲಿದೆ: ಅವರು ಮೊದಲು ತಮ್ಮನ್ನೇ ಕರ್ತನಿಗೆ ಒಪ್ಪಿಸಿದ್ದರು. ಹಣ ಆಮೇಲೆ ಬಂತು.

1. ಸರಳತೆ ಕೊಡುವುದಕ್ಕೆ ಜಾಗ ಮಾಡುತ್ತದೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ನಿಮಗೆ ಗೊತ್ತು. ಹುಳ ಸಾಕುವ ಮನೆಯವರು ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ, ಚಂದ್ರಿಕೆಯಿಂದ ಗೂಡು ಬಿಡಿಸಿ ತರುತ್ತಾರೆ. ಅವತ್ತಿನ ರೇಟು ಕಡಿಮೆ ಅಂತ ಗೂಡನ್ನು ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳಲು ಆಗಲ್ಲ. ದಿನ ಕಳೆದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಗೆ ಬರುತ್ತೆ. ಆ ಗೂಡಿನಿಂದ ಒಂದೇ ಎಳೆಯಾಗಿ ನೂಲು ತೆಗೆಯಲು ಬರಲ್ಲ.

ಮನ್ನದ ಕಥೆಯೂ ಹೀಗೇ. ದಿನಕ್ಕೆ ಬೇಕಾದಷ್ಟು ಕೂಡಿಸಿಕೊಂಡವರಿಗೆ ಕೊರತೆ ಆಗಲಿಲ್ಲ. ನಾಳೆಯ ಭಯದಿಂದ ಬಚ್ಚಿಟ್ಟದ್ದು ಹುಳಬಿದ್ದು ನಾರಿತು. ಪೌಲನು ಕೊಡುವುದರ ಬಗ್ಗೆ ಬರೆಯುವಾಗ ಇದೇ ಮನ್ನವನ್ನು ನೆನಪಿಸುತ್ತಾನೆ (15ನೇ ವಚನ). ಉಳಿತಾಯ ಪಾಪ ಅಂತ ನಾನು ಹೇಳ್ತಿಲ್ಲ. ಯೋಸೇಫನು ಬರಗಾಲಕ್ಕಾಗಿ ಧಾನ್ಯ ಕೂಡಿಸಿದನು, ಅದರಿಂದ ಬಹಳ ಜನ ಬದುಕಿದರು. ನೀವು ಕೂಡಿಸುತ್ತಿರುವುದು ಯಾರಿಗಾಗಿ? ಅದೇ ಪ್ರಶ್ನೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯ. ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1984ರಲ್ಲಿ ಪದ್ಮಭೂಷಣ ಬಂತು. ಆದರೂ ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ಹಳ್ಳಿ ಮಕ್ಕಳ ಓದಿಗಾಗಿ ದುಡಿದರು. ಅವರು ವಿಚಾರವಾದಿ, ನಮ್ಮ ವಿಶ್ವಾಸದವರಲ್ಲ. ಐಶ್ವರ್ಯವಂತನಾಗಿದ್ದು ನಮಗಾಗಿ ಬಡವನಾದ ಕರ್ತನನ್ನು ಹಿಂಬಾಲಿಸುವ ನಾವು ಎಷ್ಟು ಹೆಚ್ಚಾಗಿ ಹೀಗೆ ಬಾಳಬೇಕು!

2. ಕಾಣಿಕೆ ಅಂದರೆ ಚೀಟಿ ಅಲ್ಲ

ಕೆಲವರು ದೇವರ ಹತ್ತಿರ ಚೀಟಿ ಕಟ್ಟಿದ ಹಾಗೆ ಕೊಡುತ್ತಾರೆ: ಇವತ್ತು ಸಾವಿರ ಹಾಕಿದರೆ ನಾಳೆ ಹತ್ತು ಸಾವಿರ ಎತ್ತಬಹುದು ಅಂತ. ಮಕೆದೋನ್ಯದವರು ಹಾಗೆ ಲೆಕ್ಕ ಹಾಕಲಿಲ್ಲ. ದೇವರು ನಮ್ಮ ಅಗತ್ಯಗಳನ್ನು ನೋಡಿಕೊಳ್ಳುತ್ತಾನೆ, ಆಮೆನ್! ಆದರೆ ಆತನು ನಮ್ಮ ಸಾಲಗಾರನಲ್ಲ. 12ನೇ ವಚನ ಗಮನಿಸಿ: ನಮ್ಮಲ್ಲಿ ಇರುವುದಕ್ಕೆ ತಕ್ಕಂತೆ ಕೊಟ್ಟರೆ ಅದು ಮೆಚ್ಚಿಕೆಯಾಗುತ್ತದೆ. ಲೋನ್ ಆ್ಯಪ್‌ನಿಂದ ಸಾಲ ತೆಗೆದು ಕಾಣಿಕೆ ಹಾಕಬೇಡಿ. ಕಾಣಿಕೆಯ ಹೆಸರು ಹೇಳಿ ಅಪ್ಪ ಅಮ್ಮನ ಔಷಧಿ ತಪ್ಪಿಸಬೇಡಿ. ಅಂಥ "ಕೊರ್ಬಾನ್" ಅನ್ನು ಯೇಸು ಖಂಡಿಸಿದನು (ಮಾರ್ಕ 7:9-13).

3. ಇವತ್ತು ಅವರ ಕೊರತೆ, ನಾಳೆ ನಮ್ಮದು

ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರನ್ನು ಕೇಳಿ. 2023ರ ಜುಲೈನಲ್ಲಿ ಅಂಗಡಿಯಲ್ಲಿ ಕಿಲೋ 100 ರೂಪಾಯಿ ದಾಟಿತ್ತು. ರೇಟು ಬಿದ್ದ ವರ್ಷದಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿಯುತ್ತಾರೆ. ತಿಂಗಳ ಸಂಬಳವೂ ಅಷ್ಟೇ ಪ್ರಿಯರೇ, ಒಂದು ಇಮೇಲ್‌ನಲ್ಲಿ ನಿಂತುಹೋಗಬಹುದು. ಅದಕ್ಕೇ ಪೌಲನು ಸಮಾನತ್ವದ ಮಾತು ಹೇಳುತ್ತಾನೆ: ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ, ಮುಂದೆ ಅವರ ಸಮೃದ್ಧಿ ನಿಮ್ಮ ಕೊರತೆಗೆ.

ಹಾಗಾದರೆ ಕೆಲಸ ಕಳೆದುಕೊಂಡವರು ನಾಚಿಕೆಯಿಂದ ಸಭೆಗೆ ಬರುವುದನ್ನು ಬಿಡಬೇಡಿ. ಹಿರಿಯರಿಗೆ ಹೇಳಿ. ಕೊಡುವುದಕ್ಕೆ ಕೃಪೆ ಬೇಕು, ತೆಗೆದುಕೊಳ್ಳುವುದಕ್ಕೂ ಕೃಪೆ ಬೇಕು.

ಈ ವಾರ ಮಾಡಿ ನೋಡಿ

ಸಂಬಳ ಬಂದ ದಿನವೇ ಕರ್ತನ ಪಾಲನ್ನು ತೆಗೆದಿಡಿ. ಬೇಡದ ಒಂದು ಖರ್ಚು ನಿಲ್ಲಿಸಿ: ಒಂದು ಸಬ್‌ಸ್ಕ್ರಿಪ್ಷನ್, ವಾರಕ್ಕೆ ಎರಡು ಆನ್‌ಲೈನ್ ಊಟ, ಚೆನ್ನಾಗಿರುವ ಫೋನ್ ಬದಲಿಸುವ ಯೋಚನೆ. ಉಳಿದ ಹಣದಲ್ಲಿ ಒಂದು ಮನೆಗೆ ದಿನಸಿ ಅಥವಾ ಒಂದು ಮಗುವಿನ ಪುಸ್ತಕ ಕೊಡಿಸಿ. ಸ್ಟೇಟಸ್‌ನಲ್ಲಿ ಫೋಟೋ ಹಾಕಬೇಡಿ. ಪಡೆದವರಿಗೂ ಮಾನ ಇದೆ.

ಪ್ರಾರ್ಥಿಸೋಣ: ತಂದೆಯೇ, ಭಯದಿಂದ ಮುಚ್ಚಿದ ನಮ್ಮ ಕೈಗಳನ್ನು ತೆರೆ. ಸಾಕು ಅನ್ನುವ ಮನಸ್ಸು ಕೊಡು. ನಮ್ಮ ಊರುಗಳಲ್ಲಿ ಕೊರತೆಯಲ್ಲಿರುವವರನ್ನು ಕಾಣುವ ಕಣ್ಣು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.