ಮುಂಬಯಿ ಹೋಟೆಲ್ ಕಾರ್ಮಿಕರು ಮತ್ತು ವೇತನದ ಹಕ್ಕು

ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಮುಂಬಯಿಗೆ ಹೋದ ಹುಡುಗರಿಗೆ ಹೋಟೆಲಿನಲ್ಲಿ ಊಟ, ಮಲಗಲು ಜಾಗ ಸಿಗುತ್ತಿತ್ತು; ಅದೇ ನೆಪದಲ್ಲಿ ಸಂಬಳ ತೀರಾ ಕಡಿಮೆ, ದುಡಿಮೆಗೆ ಹೊತ್ತುಗೊತ್ತಿಲ್ಲ. ಹೋಟೆಲ್, ಸಾರಿಗೆ ಕಾರ್ಮಿಕರ ಪರ ಮೊದಲು ಮಂಗಳೂರಿನಲ್ಲೇ ದನಿಯೆತ್ತಿದ ಜಾರ್ಜ್ ಫರ್ನಾಂಡಿಸ್ (ಜನನ 1930) ಬಳಿಕ ಮುಂಬಯಿಯಲ್ಲಿ ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿದರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದರು, 1974ರ ರೈಲ್ವೆ ಮುಷ್ಕರದ ನಾಯಕತ್ವ ವಹಿಸಿದರು.



ಇಂಥ ಕಾರ್ಮಿಕರ ವೇತನದ ಹಕ್ಕಿಗೆ ಈಗ ಕಾನೂನಿನ ಬೆಂಬಲವಿದೆ: 1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ದಿನದೊಳಗೆ ಸಿಗಬೇಕು. ಹೆಚ್ಚುವರಿ ದುಡಿಮೆಗೆ ಕನಿಷ್ಠ ಎರಡು ಪಟ್ಟು ದರ. ಬಾಕಿ ಕೇಳಲು 3 ವರ್ಷ ಕಾಲಾವಕಾಶ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು 59ನೇ ಕಲಂ: ವೇತನ ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಹೊಣೆ ಮಾಲೀಕನದು. ರಸೀದಿಯಿಲ್ಲದೆ ದುಡಿದ ಬಡ ಹುಡುಗನಿಗೆ ಇದು ದೊಡ್ಡ ಆಸರೆ.

ಹೋಲಿಕೆಗೆ: ಅಮೆರಿಕದಲ್ಲಿ 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯಡಿ ಒಕ್ಕೂಟದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್, ಟಿಪ್ಸ್ ಪಡೆಯುವವರಿಗೆ ಮಾಲೀಕ ಕೊಡಬೇಕಾದ ನಗದು 2.13 ಡಾಲರ್ ಮಾತ್ರ, ಟಿಪ್ಸ್ ಸೇರಿಯೂ 7.25 ತಲುಪದಿದ್ದರೆ ಉಳಿದದ್ದನ್ನು ಅವನೇ ತುಂಬಬೇಕು.