ಮೈಲಾರ ಜಾತ್ರೆಯ ವ್ರತಾಚರಣೆ: ಕಾರಣಿಕದ ನುಡಿ ಮತ್ತು ಗೊರವನ ದೇಹ

ಜಾತ್ರೆಗಳಲ್ಲಿ ನಡೆಯುವ ದೇಹದಂಡನೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ಸಾಗಿದೆ. ಒಂದು ಅದನ್ನು ಭಕ್ತಿಯ ಪರಾಕಾಷ್ಠೆಯೆಂದು ಕೊಂಡಾಡಿದರೆ, ಇನ್ನೊಂದು ಮೌಢ್ಯವೆಂದು ತಳ್ಳಿಹಾಕುತ್ತದೆ. ಎರಡಕ್ಕೂ ಕಾಣುವುದು ನೋವಿನ ಗಳಿಗೆ ಮಾತ್ರ. ಅದರ ಹಿಂದಿನ ದಿನಗಳ ನೇಮ ಅಧ್ಯಯನದ ಹೊರಗೇ ಉಳಿಯುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ಇದಕ್ಕೆ ನಿದರ್ಶನ.

ಮಣಿ ಮತ್ತು ಮಲ್ಲ ಎಂಬ ದೈತ್ಯರನ್ನು ಶಿವನು ಮೈಲಾರನಾಗಿ ಸಂಹರಿಸಿದನೆಂಬ ಕಥನ ಈ ಜಾತ್ರೆಯ ತಳಹದಿ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಜಾತ್ರೆಗೆ ಕಾರಣಿಕವೇ ಕೇಂದ್ರ. ಕಾರಣಿಕ ನುಡಿಯುವ ಗೊರವಯ್ಯನು ಅದಕ್ಕೂ ಮುಂಚೆ 11 ದಿನ ಉಪವಾಸವಿರುತ್ತಾನೆ. ಆ ಬಳಿಕ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಒಂದೇ ವಾಕ್ಯವನ್ನು ನುಡಿದು ಆತ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆ, ಬೆಳೆ, ರಾಜಕಾರಣ ಕುರಿತ ಅರ್ಥಗಳು ಅಲ್ಲಿಂದಲೇ ಹುಟ್ಟಿಕೊಳ್ಳುತ್ತವೆ.

ಜಾನಪದ ಅಧ್ಯಯನಗಳು ಕಾರಣಿಕವನ್ನು ಪಠ್ಯವಾಗಿ ಸಂಗ್ರಹಿಸಿದಷ್ಟು ಆಸಕ್ತಿಯಿಂದ ಉಪವಾಸವನ್ನು ಗಮನಿಸಿಲ್ಲ. ವಾಸ್ತವವಾಗಿ ಆ ನುಡಿಗೆ ಅಧಿಕೃತತೆ ದೊರೆಯುವುದೇ ವ್ರತದಿಂದ. ಊಟ ಬಿಟ್ಟ ಬಾಯಿಯೇ ದೇವರ ಬಾಯಿಯಾಗಲು ಅರ್ಹವೆಂಬ ನಂಬಿಕೆ ಇಲ್ಲಿ ಕೆಲಸ ಮಾಡುತ್ತದೆ. ಇದೇ ಸಂಪ್ರದಾಯದ ದೋಣಿ ಸೇವೆಯಲ್ಲಿ ಗೊರವರು ಮೈಲಾರನ ನಾಯಿಗಳಂತೆ ಬೊಗಳುತ್ತ ದೋಣಿಯಲ್ಲಿ ಹಾಕಿದ ಹಾಲು, ಹಣ್ಣನ್ನು ಬಾಯಿಂದಲೇ ಉಣ್ಣುತ್ತಾರೆ. ಒಂದು ಕಡೆ ಉಪವಾಸ, ಇನ್ನೊಂದು ಕಡೆ ನಾಯಿಯ ಊಟ. ಮೇಲುನೋಟಕ್ಕೆ ವಿರುದ್ಧವೆನಿಸಿದರೂ ಎರಡರಲ್ಲಿಯೂ ಮನುಷ್ಯನು ಉಣ್ಣುವ ರೀತಿಯೇ ತಾತ್ಕಾಲಿಕವಾಗಿ ಕಳಚಿಬೀಳುತ್ತದೆ. ಕಾವಿಯುಟ್ಟು ಮನೆ ತೊರೆದವನ ತಪಸ್ಸು ಇದಲ್ಲ. ಕುರಿ, ಹೊಲ, ಸಂಸಾರ ಇರುವ ಗೃಹಸ್ಥರು ಕಾಲಮಿತಿಯಲ್ಲಿ ಕೈಗೊಳ್ಳುವ ತಪಸ್ಸು. ಸಂನ್ಯಾಸವನ್ನೇ ಮಾದರಿಯಾಗಿಟ್ಟುಕೊಂಡ ವಿದ್ವತ್ತಿಗೆ ಇದು ಕಾಣದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಕಾಲಿನ ಮೀನಖಂಡಕ್ಕೆ ಗೂಟ ಹಾಯಿಸಿಕೊಳ್ಳುವ ಕಂಚಾವೀರರ ಪವಾಡ, ಸರಪಳಿ ಪವಾಡಗಳ ಪ್ರಶ್ನೆ ಬೇರೆ. ಇವುಗಳಿಗೂ ದೀರ್ಘ ಇತಿಹಾಸವಿದೆ. ಓರುಗಲ್ಲಿನ ಜನಜೀವನವನ್ನು ಚಿತ್ರಿಸುವ ತೆಲುಗಿನ ‘ಕ್ರೀಡಾಭಿರಾಮಮು’ ಮೈಲಾರನ ವೀರಭಟರ ಘೋರ ಸಾಹಸಗಳನ್ನು ವರ್ಣಿಸುತ್ತದೆ. ಆದರೆ ಪ್ರಾಚೀನತೆಯೊಂದೇ ಸಮರ್ಥನೆಯಾಗಲಾರದು. ಅಮೂರ್ತ ಪರಂಪರೆ ಕುರಿತ ಯುನೆಸ್ಕೋದ 2003ರ ಒಡಂಬಡಿಕೆಯೂ ಮಾನವ ಹಕ್ಕುಗಳಿಗೆ ಹೊಂದುವ ಆಚರಣೆಗಳನ್ನಷ್ಟೇ ಪರಿಗಣಿಸುತ್ತದೆ. 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯಿದೆಯ ವ್ಯಾಪ್ತಿಯಲ್ಲಿ ಬಾಯಿಗೆ ಸಲಾಕೆ ಚುಚ್ಚುವ ಆಚರಣೆ, ಬಲವಂತದ ಕೆಂಡ ಹಾಯುವಿಕೆಗಳು ಬರುತ್ತವೆ. ‘ಬಲವಂತ’ ಎಂಬ ಪದವೇ ಇಲ್ಲಿ ತೊಡಕಿನದು. ಗೊರವ ದೀಕ್ಷೆ ಹರಕೆಯಿಂದಲೂ ಬರುತ್ತದೆ, ಮನೆತನದ ಪದ್ಧತಿಯಿಂದಲೂ ಬರುತ್ತದೆ. ಹೆತ್ತವರ ಹರಕೆಯನ್ನು ಮಗ ತನ್ನ ಮೈಯಲ್ಲಿ ತೀರಿಸುವಾಗ ಅದು ಅವನ ಇಚ್ಛೆಯೇ, ಸಮುದಾಯದ ಒತ್ತಾಯವೇ? ಕಾಯಿದೆಯ ಭಾಷೆಗೂ ಪರಂಪರೆಯ ಭಾಷೆಗೂ ಇದು ಸುಲಭವಾಗಿ ದಕ್ಕುವುದಿಲ್ಲ. ಉಪವಾಸವನ್ನೂ ಚುಚ್ಚುವಿಕೆಯನ್ನೂ ‘ಜೀವಂತ ಪರಂಪರೆ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿದರೆ ಉತ್ತರ ಇನ್ನಷ್ಟು ಮಸುಕಾಗುತ್ತದೆ.

ಪವಾಡವನ್ನು ಕ್ಯಾಮೆರಾ ಹಿಡಿಯಬಲ್ಲದು, ಕಾರಣಿಕದ ವಾಕ್ಯ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಹಸಿದ ದಿನಗಳಿಗೆ ಅಂತಹ ದಾಖಲೆಯಿಲ್ಲ. ಮೈಲಾರದ ಕ್ಷೇತ್ರಕಾರ್ಯವು ಕಾರಣಿಕದ ಸಂಜೆಯಿಂದಲ್ಲ, ಗೊರವಯ್ಯನು ಊಟ ಬಿಟ್ಟ ದಿನದಿಂದ ಆರಂಭವಾಗಬೇಕಿದೆ.